ಎಥನಾಲ್ ಟ್ಯಾಂಕ್ ಪಕ್ಕ ಯಾವ ಕ್ಯಾಮೆರಾ? ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ ನಾನು ಇನ್‌ಸ್ಟ್ರುಮೆಂಟೇಶನ್ ನೋಡಿಕೊಳ್ಳುತ್ತೇನೆ. ಕಾಕಂಬಿಯಿಂದ ಎಥನಾಲ್ ಮಾಡಿ ಟ್ಯಾಂಕರಿಗೆ ತುಂಬಿ ತೈಲ ಕಂಪನಿಗಳ ಡಿಪೋಗೆ ಕಳಿಸುವುದು ನಮ್ಮ ಕೆಲಸ. ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಹೆಚ್ಚಿದ ಮೇಲೆ ಟ್ಯಾಂಕುಗಳೂ ಹೆಚ್ಚಿದವು, ಟ್ಯಾಂಕರ್ ಓಡಾಟವೂ ಹೆಚ್ಚಿತು. ಎಲ್ಲ ಕಡೆ ಕ್ಯಾಮೆರಾ ಹಾಕಿ ಅಂತ ಮ್ಯಾನೇಜ್‌ಮೆಂಟಿನವರು ಹೇಳಿದರು. ಗೇಟು, ಗೋದಾಮು, ವೇಬ್ರಿಡ್ಜ್‌ಗೆ ಅಂಗಡಿಯಲ್ಲಿ ಸಿಗುವ ಕ್ಯಾಮೆರಾ ನಡೆಯುತ್ತದೆ. ರಿಸೀವರ್ ರೂಮ್ (ತಯಾರಾದ ಎಥನಾಲ್ ಮೊದಲು ಬಂದು ಸೇರುವ ಕೋಣೆ), ಸ್ಟೋರೇಜ್ ಟ್ಯಾಂಕ್, ಟ್ಯಾಂಕರಿಗೆ ತುಂಬುವ ಲೋಡಿಂಗ್ ಗ್ಯಾಂಟ್ರಿಗೆ ನಡೆಯುವುದಿಲ್ಲ.

ಎಥನಾಲಿನ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಏಳುವ ಕನಿಷ್ಠ ಉಷ್ಣಾಂಶ, ಸುಮಾರು 13 ಡಿಗ್ರಿ. ನಮ್ಮೂರಿನ ಹಗಲಲ್ಲಿ ಅಷ್ಟು ತಂಪು ಎಲ್ಲಿಂದ ಬರಬೇಕು? ಅಂದರೆ ವರ್ಷಪೂರ್ತಿ ಆವಿ ಏಳುತ್ತಲೇ ಇರುತ್ತದೆ. ಗಾಳಿಯಲ್ಲಿ ಅದು ಶೇಕಡಾ 3.3ರಷ್ಟು ಸೇರಿದರೆ ಕಿಡಿಯೊಂದು ಸಾಕು. ಈ ಆವಿ ಗಾಳಿಗಿಂತ ಭಾರ, ಹತ್ತಿರ ಹತ್ತಿರ 1.6 ಪಟ್ಟು. ಹಾಗಾಗಿ ಮೇಲೆ ಹೋಗದೆ ಚರಂಡಿ, ಗುಂಡಿ, ಪಂಪ್ ಪಿಟ್‌ಗಳಲ್ಲಿ ಕೂರುತ್ತದೆ.

ಕೊಟೇಶನ್ ತರಿಸುವ ಮೊದಲು ನಾನು ತೆರೆದದ್ದು ಹಜಾರ್ಡಸ್ ಏರಿಯಾ ಡ್ರಾಯಿಂಗ್. ಯಾವುದು ಝೋನ್ 1 (ಮಾಮೂಲಿ ಕೆಲಸದಲ್ಲೇ ಆಗಾಗ ಆವಿ ಸೇರಬಹುದಾದ ಜಾಗ), ಯಾವುದು ಝೋನ್ 2 (ಅಪರೂಪಕ್ಕೆ, ಸ್ವಲ್ಪ ಹೊತ್ತು ಮಾತ್ರ ಸೇರುವ ಜಾಗ), ಎಲ್ಲಿಗೆ ಅಪಾಯದ ಗೆರೆ ಮುಗಿಯುತ್ತದೆ ಎಂದು ಅದರಲ್ಲಿರುತ್ತದೆ. ಟ್ಯಾಂಕುಗಳ ಸುತ್ತ ಕೇಳಿದ್ದ ಕ್ಯಾಮೆರಾಗಳಲ್ಲಿ ಸುಮಾರು ಅರ್ಧದಷ್ಟನ್ನು ಗೆರೆಯ ಆಚೆ ಕಂಬ ನೆಟ್ಟು, ಒಳ್ಳೆಯ ಝೂಮ್ ಇರುವ ಸಾಮಾನ್ಯ ಕ್ಯಾಮೆರಾದಲ್ಲೇ ಮುಗಿಸಿದೆ. ಸ್ಫೋಟ ತಡೆದುಕೊಳ್ಳುವ ಪೆಟ್ಟಿಗೆಯಲ್ಲಿರುವ ಫ್ಲೇಮ್‌ಪ್ರೂಫ್ ಕ್ಯಾಮೆರಾದ ಬೆಲೆ ಹಲವು ಪಟ್ಟು, ತೂಕವೂ ಹಾಗೇ. ಅಪಾಯದ ಜಾಗಕ್ಕೆ ಕರೆಂಟ್ ಒಯ್ಯದೇ ಇರುವುದಕ್ಕಿಂತ ಸುರಕ್ಷಿತ ದಾರಿ ಬೇರೆ ಇಲ್ಲ. ಮಾರುವವರು ಮಾತ್ರ ಇದನ್ನು ಹೇಳುವುದಿಲ್ಲ, ಯಾಕೆ ಹೇಳ್ತಾರೆ ಅಲ್ವಾ?

ರಿಸೀವರ್ ರೂಮ್ ಒಳಗನ್ನು, ಟ್ಯಾಂಕರಿನ ಮುಚ್ಚಳ ತೆರೆಯುವ ಜಾಗವನ್ನು ಹೊರಗಿನಿಂದ ನೋಡಲಾಗದು. ಅಲ್ಲಿಗೆ ಫ್ಲೇಮ್‌ಪ್ರೂಫೇ ಬೇಕು. ಆ ಪೆಟ್ಟಿಗೆಯೊಳಗೆ ಆವಿ ಹೋಗುವುದೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹೋಗುತ್ತದೆ. ಒಳಗೆ ಸ್ಫೋಟವಾದರೂ ಪೆಟ್ಟಿಗೆ ಒಡೆಯಬಾರದು, ಮುಚ್ಚಳದ ಸಂದಿಯಿಂದ ಹೊರಬರುವ ಬಿಸಿ ಅನಿಲ ಬರುವಷ್ಟರಲ್ಲಿ ತಣ್ಣಗಾಗಬೇಕು, ಅಷ್ಟೇ ಲೆಕ್ಕ. ಆದ್ದರಿಂದ ಆ ಸಂದಿಯ ಮುಖಕ್ಕೆ ಗೀರು ಬೀಳಬಾರದು, ಬಣ್ಣ ಹಚ್ಚಬಾರದು, ನೀರು ಹೋಗುತ್ತೆ ಅಂತ ಸಿಲಿಕೋನ್ ಮೆತ್ತಬಾರದು. ಒಂದು ಬೋಲ್ಟ್ ಕಡಿಮೆಯಾದರೂ ಅದು ಫ್ಲೇಮ್‌ಪ್ರೂಫ್ ಅಲ್ಲ.

ಮೆಗಾಪಿಕ್ಸೆಲ್ ವಿಚಾರ ಆಮೇಲೆ. ನಾನು ನೇಮ್‌ಪ್ಲೇಟ್ ಓದುತ್ತೇನೆ. ‘ಎಕ್ಸ್ ಡಿಬಿ ಟೂ-ಸಿ ಟಿ6 ಜಿಬಿ’ (Ex db IIC T6 Gb) ಅಂತಿದ್ದರೆ ಝೋನ್ 1ಕ್ಕೆ ಬರುತ್ತದೆ. ಡಿಬಿ ಅಂದರೆ ಫ್ಲೇಮ್‌ಪ್ರೂಫ್, ಟೂ-ಸಿ ಅನಿಲದ ಗುಂಪು, ಟಿ6 ಬಿಸಿಯ ಮಿತಿ, ಜಿಬಿ ರಕ್ಷಣೆಯ ಮಟ್ಟ. ಈಗಿನ ಮಾನದಂಡದಲ್ಲಿ ಎಥನಾಲ್ ಟೂ-ಬಿ ಗುಂಪಿನದು. ಎ, ಬಿ, ಸಿ ಅಂತ ಹೋದಂತೆ ಪರೀಕ್ಷೆ ಬಿಗಿಯಾಗುತ್ತದೆ, ಹಾಗಾಗಿ ಟೂ-ಬಿ ಅಥವಾ ಟೂ-ಸಿ ಇರಲಿ, ಟೂ-ಎ ಬೇಡ. ಟಿ6 ಅಂದರೆ ಮೈ ಬಿಸಿ 85 ಡಿಗ್ರಿ ದಾಟುವುದಿಲ್ಲ ಎಂದರ್ಥ. ಎಥನಾಲ್ ತಾನಾಗಿ ಹೊತ್ತಿಕೊಳ್ಳಲು 360 ಡಿಗ್ರಿಗಿಂತ ಜಾಸ್ತಿ ಬೇಕು, ಹಾಗಾಗಿ ಟಿ6 ಮೇಲೆ ಹಠ ಹಿಡಿಯಬೇಕಿಲ್ಲ. ಅದರ ಪಕ್ಕದಲ್ಲಿ ಬರೆದಿರುವ ಹೊರಗಿನ ಉಷ್ಣಾಂಶವನ್ನು ಮಾತ್ರ ಬಿಡಬೇಡಿ. ಕೆಲವು ಮಾಡೆಲ್‌ಗಳು 40 ಡಿಗ್ರಿವರೆಗೆ ಟಿ6, 60 ಡಿಗ್ರಿವರೆಗೆ ಟಿ5 (ಮೈ ಬಿಸಿಯ ಮಿತಿ 100 ಡಿಗ್ರಿ). ಏಪ್ರಿಲ್‌ನಲ್ಲಿ ನಮ್ಮ ಕಡೆ ನೆರಳಲ್ಲೇ 40 ದಾಟುತ್ತದೆ. ಬರೀ 40ರವರೆಗೆ ಸರ್ಟಿಫಿಕೇಟ್ ಇರುವ ಕ್ಯಾಮೆರಾ ನಮಗೆ ಬೇಸಿಗೆಯಲ್ಲಿ ನಿಯಮದ ಹೊರಗೆ. ನಾನು 60 ಡಿಗ್ರಿಯ ಟಿ5 ತೆಗೆದುಕೊಂಡೆ, ಬಿಸಿಲಿಗೆ ಲೋಹದ ಟೊಪ್ಪಿಗೆ ಸಮೇತ.

ಕಾಗದಪತ್ರದ್ದೇ ದೊಡ್ಡ ಗುದ್ದಾಟ. ನಾಗಪುರದ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಅನುಮೋದನೆ ಬೇಕೇ ಬೇಕು. ಹಳಬರು ಈಗಲೂ ಇದನ್ನು ಸಿಸಿಓಇ ಅಂತಲೇ ಕರೆಯುತ್ತಾರೆ. ಯುರೋಪಿನ ಎಟೆಕ್ಸ್, ಅಂತರರಾಷ್ಟ್ರೀಯ ಐಇಸಿಇಎಕ್ಸ್ ಸರ್ಟಿಫಿಕೇಟ್ ಎಷ್ಟೇ ಚೆನ್ನಾಗಿರಲಿ, ಅದನ್ನೊಂದೇ ತೋರಿಸಿದರೆ ಇಲ್ಲಿ ಸಾಲದು. ಒಬ್ಬ ಸಪ್ಲೈಯರ್ ಕಳಿಸಿದ ಸರ್ಟಿಫಿಕೇಟ್ ನಂಬರಿನ ಕೊನೆಯಲ್ಲಿ ‘ಯು’ ಅಕ್ಷರ ಇತ್ತು. ಅದು ಬಿಡಿಭಾಗಕ್ಕೆ ಕೊಡುವ ಸರ್ಟಿಫಿಕೇಟ್. ವಿಚಾರಿಸಿದರೆ ಖಾಲಿ ಪೆಟ್ಟಿಗೆಯದ್ದು. ಅದರೊಳಗೆ ತಮಗೆ ಬೇಕಾದ ಕ್ಯಾಮೆರಾ ತುರುಕಿ ಕೊಡುವ ಯೋಚನೆ ಅವರದು. ಒಳಗಿನ ಕ್ಯಾಮೆರಾ, ಕತ್ತಲಲ್ಲಿ ನೋಡಲು ಇರುವ ಐಆರ್ ಲೈಟ್ ಎಲ್ಲ ಸೇರಿ ಪರೀಕ್ಷೆ ಆಗಿರಬೇಕು, ಇಲ್ಲದಿದ್ದರೆ ಒಳಗೆಷ್ಟು ಬಿಸಿಯಾಗುತ್ತದೆ ಎಂದು ಯಾರಿಗೆ ಗೊತ್ತು? ಆ ಕೊಟೇಶನ್ ವಾಪಸ್ ಕಳಿಸಿದೆ. ನಂಬರಿನ ಕೊನೆಯಲ್ಲಿ ‘ಎಕ್ಸ್’ (X) ಅಕ್ಷರ ಇದ್ದರೆ ವಿಶೇಷ ಷರತ್ತುಗಳಿವೆ ಎಂದರ್ಥ. ತಿರಸ್ಕರಿಸಬೇಕಿಲ್ಲ, ಷರತ್ತೇನು ಅಂತ ಪೂರ್ತಿ ಓದಿ. ಮಾಡೆಲ್ ನಂಬರನ್ನು ಅಕ್ಷರ ಅಕ್ಷರ ತಾಳೆ ನೋಡಿ.

ಮಾಲು ಬಂತು. ಕ್ಯಾಮೆರಾದ ಕೇಬಲ್ ತೂತು ಮುಕ್ಕಾಲು ಇಂಚಿನ ಎನ್‌ಪಿಟಿ (ಇಂಚಿನ ಅಳತೆಯ ಥ್ರೆಡ್), ಕೇಬಲ್ ಬಿಗಿಹಿಡಿಯಲು ನಮ್ಮ ಸ್ಟೋರಿನಲ್ಲಿದ್ದ ಗ್ಲ್ಯಾಂಡ್ ಎಂ25 (ಮಿಲಿಮೀಟರ್ ಅಳತೆಯದು). ನಮ್ಮ ಎಲೆಕ್ಟ್ರಿಷಿಯನ್ ಕೈಯಲ್ಲಿ ತಿರುಗಿಸಿ ನೋಡಿದ. ‘ಸಾಹೇಬ್ರ, ಇದು ಕೂಡಾಂಗಿಲ್ರಿ. ಎರಡ ಸುತ್ತಿಗೆ ನಿಂತ್ಬಿಡ್ತೈತಿ. ಟೇಪ್ ಸುತ್ತಿ ಬಿಗೀಲೇನ್ರಿ?’ ಬೇಡ ಅಂದೆ. ಥ್ರೆಡ್ಡಿನ ಕನಿಷ್ಠ ಐದು ಎಳೆ ಪೂರ್ತಿ ಕಚ್ಚಿಕೊಂಡಿರಬೇಕು, ಉರಿ ಹೊರಬರದಂತೆ ತಡೆಯುವುದು ಆ ಎಳೆಗಳೇ. ಸರ್ಟಿಫಿಕೇಟ್ ಇರುವ ಅಡಾಪ್ಟರ್ ಬರುವವರೆಗೆ ಕ್ಯಾಮೆರಾ ಡಬ್ಬದಲ್ಲೇ ಕೂತಿತ್ತು. ಗ್ಲ್ಯಾಂಡೂ ಫ್ಲೇಮ್‌ಪ್ರೂಫ್ ಡಬಲ್ ಕಂಪ್ರೆಷನ್ (ಕೇಬಲನ್ನು ಎರಡು ಕಡೆ ಬಿಗಿಹಿಡಿಯುವುದು), ಬಳಸದ ತೂತಿಗೆ ಹಾಕುವ ಪ್ಲಗ್ಗೂ ಫ್ಲೇಮ್‌ಪ್ರೂಫ್. ಆರ್ಡರ್ ಮಾಡುವಾಗಲೇ ಇವನ್ನೂ ಬರೆದುಬಿಡಿ.

ಪವರ್ ಮತ್ತು ನೆಟ್‌ವರ್ಕ್ ಎರಡೂ ಒಂದೇ ಕೇಬಲ್‌ನಲ್ಲಿ ಹೋಗುವ ಪಿಓಇ ಆರಿಸಿಕೊಂಡೆ. ಸ್ವಿಚ್ ಕಂಟ್ರೋಲ್ ರೂಮಿನಲ್ಲೇ ಇದೆ, ದೂರ 100 ಮೀಟರ್ ಒಳಗಿದೆ. ಕ್ಯಾಮೆರಾ ಹ್ಯಾಂಗ್ ಆದರೆ ಅಲ್ಲಿಂದಲೇ ಕರೆಂಟ್ ತೆಗೆದು ಹಾಕಬಹುದು. ಝೂಮ್, ಫೋಕಸ್ ಕೂಡ ಮೋಟಾರಿನದೇ ಬೇಕು. ಕರೆಂಟ್ ಇರುವಾಗ ಅಲ್ಲಿ ಮುಚ್ಚಳ ತೆರೆದು ಲೆನ್ಸ್ ತಿರುಗಿಸುವ ಹಾಗಿಲ್ಲವಲ್ಲ. ಇನ್ನೊಂದು ಮಾತು. ಚಿತ್ರ ಸರಿ ಕಾಣ್ತಿದೆಯಾ ಅಂತ ನೋಡಲು ಕೂರಿಸುವ ಹುಡುಗರು ಸುಮ್ನೆ ಮೊಬೈಲ್ ತೆಗೆಯುತ್ತಾರೆ. ಮೊಬೈಲ್ ಗೇಟಿನಲ್ಲೇ ಇಡಿಸಿ, ಅಪಾಯದ ಜಾಗಕ್ಕೆ ಒಪ್ಪಿಗೆ ಇರುವ ವಾಕಿಟಾಕಿ ಕೊಟ್ಟೆವು. ಬ್ರಾಕೆಟ್‌ಗೆ ವೆಲ್ಡಿಂಗ್ ಮಾಡಲಿಲ್ಲ, ಕ್ಲ್ಯಾಂಪ್ ಹಾಕಿದೆವು.

ಸಕ್ಕರೆ ಸೈಲೋ ಮತ್ತು ಬ್ಯಾಗಿಂಗ್ ವಿಭಾಗಕ್ಕೂ ಇದೇ ಮಾಡೆಲ್ ಹಾಕಿ ಅಂದವರಿದ್ದರು. ಅಲ್ಲಿನ ಅಪಾಯ ದೂಳಿನದು. 2008ರಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಸಕ್ಕರೆ ದೂಳು ಸ್ಫೋಟಿಸಿ 14 ಜನ ಸತ್ತರು. ನೇಮ್‌ಪ್ಲೇಟಿನಲ್ಲಿ ಅನಿಲದ ಗುರುತಿನ ಜೊತೆಗೆ ದೂಳಿನ ಗುರುತೂ, ಅಂದರೆ ‘ಎಕ್ಸ್ ಟಿಬಿ ಥ್ರೀ-ಬಿ’ (Ex tb IIIB) ಅಥವಾ ಥ್ರೀ-ಸಿ, ಇರುವುದನ್ನೇ ಅಲ್ಲಿಗೆ ತರಿಸಿದೆ.

ಈಗ ಬಾಯ್ಲರಿನ ಬಗಾಸ್ ಬೂದಿ ಗಾಜಿನ ಮೇಲೆ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಬಿರುಕು ಕಂಡರೆ ಕೂಡಲೇ ಕರೆಂಟ್ ಬಂದ್. ಕ್ಯಾಮೆರಾ ಇದೆಯಲ್ಲ, ಬೆಂಕಿ ಬಿದ್ದರೆ ಗೊತ್ತಾಗುತ್ತೆ ಅಂತ ಮ್ಯಾನೇಜರ್ ಒಮ್ಮೆ ಅಂದರು. ಎಥನಾಲಿನ ಉರಿ ತೆಳು ನೀಲಿ, ಹಗಲಲ್ಲಿ ಕಣ್ಣಿಗೇ ಸರಿಯಾಗಿ ಕಾಣುವುದಿಲ್ಲ, ಕ್ಯಾಮೆರಾಗೆ ಹೇಗೆ ಕಾಣಬೇಕು? ಗ್ಯಾಂಟ್ರಿಗೆ ಫ್ಲೇಮ್ ಡಿಟೆಕ್ಟರ್ ಬೇಕು ಅಂತ ಬೇರೆ ಇಂಡೆಂಟ್ ಹಾಕಿದ್ದೇನೆ.