‘ಶೇ 95ರಷ್ಟು ನಿಖರ’ ಎಂಬ ಸುದ್ದಿಯನ್ನು ಓದುವುದು ಹೇಗೆ?

‘ಕೈಗೆ ವಾಚು ಕಟ್ಟಿದರೆ ಸಾಕು, ಹೃದಯದ ಕಾಯಿಲೆ ಪತ್ತೆ’. ‘ಮರೆವಿನ ಕಾಯಿಲೆಗೆ ಬಂತು ರಕ್ತಪರೀಕ್ಷೆ’. ಇಂಥ ತಲೆಬರಹಗಳು ಆಗಾಗ ಕಣ್ಣಿಗೆ ಬೀಳುತ್ತವೆ, ಅಲ್ವಾ? ಅದರ ಕೆಳಗೆ ಶೇ 90 ಎಂದೋ 95 ಎಂದೋ ಒಂದು ಅಂಕಿ ಇದ್ದೇ ಇರುತ್ತದೆ. ಓದಿದವರು ಅದನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ದಾಟಿಸುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬರು ‘ನಾನೂ ಮಾಡಿಸಿಬಿಡ್ಲಾ?’ ಎಂದು ಕೇಳಿರುತ್ತಾರೆ.

ಸುದ್ದಿ ಸುಳ್ಳು ಅಂತಲ್ಲ. ಬಹಳ ಸಲ ಅಂಕಿಯೂ ಸರಿಯಾಗಿಯೇ ಇರುತ್ತದೆ. ಆದರೆ ಕಾಯಿಲೆ ಪತ್ತೆಯಾಗುವುದು ಬೇರೆ, ಪತ್ತೆಯಾದದ್ದರಿಂದ ರೋಗಿಗೆ ಒಳ್ಳೆಯದಾಗುವುದು ಬೇರೆ. ಈ ಎರಡರ ನಡುವಿನ ಅಂತರ ಎಷ್ಟು ಎಂದು ನೋಡಲು ವೈದ್ಯಕೀಯ ಓದಿರಬೇಕಾಗಿಲ್ಲ. ಕೂಡುವುದು, ಕಳೆಯುವುದು ಬಂದರೆ ಸಾಕು.

ಮೊದಲು: ಮೂಲ ಪ್ರಬಂಧ ಹುಡುಕಿ

ಸುದ್ದಿಯಲ್ಲಿ ವೈದ್ಯಕೀಯ ಪತ್ರಿಕೆಯ ಹೆಸರೋ ಸಂಶೋಧಕರ ಹೆಸರೋ ಇರುತ್ತದೆ. ಅದನ್ನು ವೈದ್ಯಕೀಯ ಪ್ರಬಂಧಗಳ ಸಾರಾಂಶ ಸಿಗುವ ‘ಪಬ್‌ಮೆಡ್’ ತಾಣದಲ್ಲಿ ಹಾಕಿ ಹುಡುಕಿ. ಪೂರ್ತಿ ಪ್ರಬಂಧ ಓದಲು ಎಷ್ಟೋ ಸಲ ದುಡ್ಡು ಕೇಳುತ್ತಾರೆ, ಸಾರಾಂಶ ಮಾತ್ರ ಸಾಮಾನ್ಯವಾಗಿ ಉಚಿತ. ನಮಗೆ ಬೇಕಾದ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ. ಪೂರ್ತಿ ಸಿಕ್ಕಿದರೆ ನೇರ ಮೊದಲನೇ ಕೋಷ್ಟಕಕ್ಕೆ ಹೋಗಿ. ಪಾಲ್ಗೊಂಡವರ ವಯಸ್ಸು, ಗಂಡೋ ಹೆಣ್ಣೋ, ಬಿಪಿ, ಸಕ್ಕರೆ ಕಾಯಿಲೆ, ಎಲ್ಲ ಅದರಲ್ಲಿರುತ್ತದೆ. ಎಲ್ಲೂ ಪ್ರಬಂಧವಾಗಿ ಪ್ರಕಟವಾಗಿಲ್ಲ, ಕಂಪನಿಯ ಪತ್ರಿಕಾ ಹೇಳಿಕೆ ಮಾತ್ರ ಇದೆ ಎಂದಾದರೆ ಸದ್ಯಕ್ಕೆ ಸುಮ್ನೆ ಬಿಟ್ಟುಬಿಡಿ.

ಎರಡನೆಯದು: ಯಾರ ಮೇಲೆ ಪರೀಕ್ಷಿಸಿದರು?

ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಇದೆ. ಚುಟುಕಾಗಿ ಎಎಫ್ ಎನ್ನುತ್ತಾರೆ. ಇದರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಅದುರುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಹೃದಯದ ಸಂಶೋಧನೆ, ಮಿದುಳಿನ ಸಂಶೋಧನೆ ಎರಡೂ ಸೇರುವ ಜಾಗ ಇದು. ಹಾಗಾಗಿ ಈ ಲೇಖನದಲ್ಲಿ ಎಎಫ್ ಮತ್ತೆ ಮತ್ತೆ ಬರುತ್ತದೆ.

ವಾಚಿನಿಂದ ಎಎಫ್ ಹಿಡಿಯಬಹುದೇ ಎಂದು ನೋಡಿದ ‘ಆಪಲ್ ಹಾರ್ಟ್ ಸ್ಟಡಿ’ಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ 4,19,297 ಜನ ಇದ್ದರು. ಸಂಖ್ಯೆ ಕೇಳಿದರೆ ತಲೆ ತಿರುಗುತ್ತದೆ. ಆದರೆ ಎಎಫ್ ಜಾಸ್ತಿ ಬರುವುದು ವಯಸ್ಸಾದವರಿಗೆ. ಈ ಗುಂಪಿನಲ್ಲಿ 65 ದಾಟಿದವರು ಶೇ 6ರಷ್ಟು ಮಾತ್ರ, ಅರ್ಧಕ್ಕಿಂತ ಹೆಚ್ಚು ಜನ 40ರೊಳಗಿನವರು. ‘ನಾಡಿ ಬಡಿತ ಏರುಪೇರಾಗಿದೆ’ ಎಂಬ ಎಚ್ಚರಿಕೆ ಬಂದದ್ದು 2,161 ಜನರಿಗೆ. ಅಂದರೆ ಶೇ 0.52. ಅವರಿಗೆ ಎದೆಗೆ ಅಂಟಿಸಿಕೊಳ್ಳುವ ಇಸಿಜಿ ಪಟ್ಟಿ ಕಳಿಸುವ ಏರ್ಪಾಡಿತ್ತು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 450 ಜನರ ಇಸಿಜಿ ಪಟ್ಟಿಯ ದಾಖಲೆ. ನಾಲ್ಕು ಲಕ್ಷದಿಂದ 450ಕ್ಕೆ ಇಳಿಯಿತು, ನೋಡಿ. ಯಾವ ಅಧ್ಯಯನವಾದರೂ ಸರಿ, ಎಷ್ಟು ಜನ ಸೇರಿದರು ಎಂಬುದರ ಜೊತೆಗೆ ಕಡೆಯವರೆಗೆ ಎಷ್ಟು ಜನ ಉಳಿದರು ಎಂದೂ ನೋಡಬೇಕು.

ಇನ್ನೊಂದು ಬಗೆಯ ಅಧ್ಯಯನದ ಬಗ್ಗೆ ಹುಷಾರಾಗಿರಿ. ಒಂದು ಕಡೆ ಕಾಯಿಲೆ ಬಲಿತವರನ್ನು, ಇನ್ನೊಂದು ಕಡೆ ಗಟ್ಟಿಮುಟ್ಟಾದ ಹುಡುಗರನ್ನು ಕೂರಿಸಿ, ‘ನಮ್ಮ ಪರೀಕ್ಷೆ ಇಬ್ಬರನ್ನೂ ಬೇರೆ ಮಾಡಿ ತೋರಿಸಿತು’ ಎನ್ನುತ್ತಾರೆ. ಅಷ್ಟು ವ್ಯತ್ಯಾಸವಿದ್ದರೆ ಪರೀಕ್ಷೆಯೇ ಬೇಕಿಲ್ಲ, ಮುಖ ನೋಡಿದರೂ ಹೇಳಬಹುದು. ಕ್ಲಿನಿಕ್ಕಿಗೆ ಬರುವವರು ನಡುವಿನವರು. ಸ್ವಲ್ಪ ಮರೆವು, ಸ್ವಲ್ಪ ಸುಸ್ತು, ಆಗೊಮ್ಮೆ ಈಗೊಮ್ಮೆ ಎದೆ ಡವಡವ. ಅಂಥವರಲ್ಲಿ ಪರೀಕ್ಷೆ ಹೇಗೆ ನಡೆದುಕೊಂಡಿತು ಎಂಬುದೇ ಮುಖ್ಯ.

ಮೂರನೆಯದು: ಯಾವುದರ ಪಕ್ಕ ಇಟ್ಟು ನೋಡಿದರು?

ಹೊಸ ಪರೀಕ್ಷೆ ಸರಿಯೋ ತಪ್ಪೋ ಎಂದು ಹೇಳಲು ನಂಬಿಕಸ್ಥ ಹಳೆಯ ಪರೀಕ್ಷೆಯೊಂದು ಬೇಕು. ಎಎಫ್ ವಿಷಯದಲ್ಲಿ ಅದು ಹೃದ್ರೋಗ ತಜ್ಞರು ಓದಿದ ಇಸಿಜಿ. ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ರಕ್ತಪರೀಕ್ಷೆಗಳನ್ನು ಹೆಚ್ಚಾಗಿ ಪಿಇಟಿ ಸ್ಕ್ಯಾನ್ ಅಥವಾ ಬೆನ್ನುಹುರಿಯ ನೀರಿನ ಪರೀಕ್ಷೆಯ ಜೊತೆ ಹೋಲಿಸುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಆ ಸ್ಕ್ಯಾನ್ ತೋರಿಸುವುದು ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂತಿದೆಯೇ ಎಂದು. ನೆನಪು ಚೆನ್ನಾಗಿರುವ ಎಷ್ಟೋ ಹಿರಿಯರ ಮಿದುಳಿನಲ್ಲೂ ಅದು ಇರುತ್ತದೆ. ಹಾಗಾಗಿ ರಕ್ತಪರೀಕ್ಷೆ ಪಾಸಿಟಿವ್ ಎಂದ ಕೂಡಲೇ ‘ಮರೆವಿನ ಕಾಯಿಲೆ ಬಂತು’ ಎಂದಾಗುವುದಿಲ್ಲ.

ಹೋಲಿಸಿದ ಹೊತ್ತು ಕೂಡ ಮುಖ್ಯ. ಆಪಲ್ ಅಧ್ಯಯನದಲ್ಲಿ ಪಟ್ಟಿ ಅಂಟಿಸಿಕೊಂಡ 450 ಜನರಲ್ಲಿ ಎಎಫ್ ಕಂಡದ್ದು ಶೇ 34ರಷ್ಟು ಜನರಲ್ಲಿ. ಹಾಗಾದರೆ ಉಳಿದವರಿಗೆ ವಾಚು ಸುಳ್ಳು ಹೇಳಿತೇ? ಹಾಗೆ ಹೇಳಲು ಬರುವುದಿಲ್ಲ. ಎಎಫ್ ಬಂದು ಹೋಗುತ್ತಿರುತ್ತದೆ, ಪಟ್ಟಿ ಎದೆಗೆ ಬಂದದ್ದು ಎಚ್ಚರಿಕೆ ಬಂದು ಸರಾಸರಿ 13 ದಿನ ಆದಮೇಲೆ. ಪಟ್ಟಿ ಇದ್ದಾಗಲೇ ವಾಚು ಮತ್ತೆ ಎಚ್ಚರಿಸಿದ ಸಂದರ್ಭಗಳನ್ನು ನೋಡಿದರೆ ಶೇ 84ರಷ್ಟು ಸಲ ಅದು ಎಎಫ್ ಆಗಿಯೇ ಇತ್ತು. ಒಂದೇ ಅಧ್ಯಯನ, ಎರಡು ಅಂಕಿ. 34 ಹಿಡಿದುಕೊಂಡು ಬೈಯಲೂಬಹುದು, 84 ಹಿಡಿದುಕೊಂಡು ಹೊಗಳಲೂಬಹುದು!

ಎರಡೂ ಪರೀಕ್ಷೆಯನ್ನು ಓದಿದವರು ಒಬ್ಬರ ಉತ್ತರ ಇನ್ನೊಬ್ಬರಿಗೆ ಗೊತ್ತಿಲ್ಲದೆ ಓದಿದರೇ ಎಂದೂ ನೋಡಿ. ‘ಓದಲು ಬರಲಿಲ್ಲ’ ಎಂದು ಬಿಟ್ಟ ಫಲಿತಾಂಶಗಳು ಎಷ್ಟು ಎಂಬುದೂ ಎಲ್ಲೋ ಒಂದು ಸಾಲಿನಲ್ಲಿ ಇರುತ್ತದೆ.

ನಾಲ್ಕನೆಯದು: ಸಾವಿರ ಜನರ ಲೆಕ್ಕ ಹಾಕಿ

ಈಗ ಪೆನ್ನು, ಕಾಗದ ತೆಗೆದುಕೊಳ್ಳಿ. ಈ ಹಂತ ಬಿಟ್ಟರೆ ಉಳಿದದ್ದೆಲ್ಲ ದಂಡ.

‘ಶೇ 95 ನಿಖರ’ ಎಂಬುದರಲ್ಲಿ ಎರಡು ಬೇರೆ ಬೇರೆ ಅಂಕಿ ಅಡಗಿರುತ್ತವೆ. ಕಾಯಿಲೆ ಇರುವ 100 ಜನರಲ್ಲಿ ಎಷ್ಟು ಜನರನ್ನು ಹಿಡಿಯಿತು ಎಂಬುದು ಒಂದು. ಕಾಯಿಲೆ ಇಲ್ಲದ 100 ಜನರಲ್ಲಿ ಎಷ್ಟು ಜನರಿಗೆ ಸರಿಯಾಗಿ ‘ಇಲ್ಲ’ ಎಂದಿತು ಎಂಬುದು ಇನ್ನೊಂದು. ಲೆಕ್ಕ ಸುಲಭವಾಗಲಿ ಎಂದು ಎರಡೂ 95 ಎಂದಿಟ್ಟುಕೊಳ್ಳೋಣ.

ಸಾವಿರ ಜನರನ್ನು ತೆಗೆದುಕೊಳ್ಳಿ. ಅವರಲ್ಲಿ 20 ಜನರಿಗೆ ಕಾಯಿಲೆ ಇದೆ ಎನ್ನೋಣ. ಪರೀಕ್ಷೆ 19 ಜನರನ್ನು ಹಿಡಿಯುತ್ತದೆ, ಒಬ್ಬರು ತಪ್ಪಿಸಿಕೊಳ್ಳುತ್ತಾರೆ. ಉಳಿದ 980 ಜನ ಚೆನ್ನಾಗಿದ್ದಾರೆ. ಅವರಲ್ಲಿ ಶೇ 5ರಷ್ಟು, ಅಂದರೆ 49 ಜನರಿಗೆ ಪರೀಕ್ಷೆ ಸುಮ್ಮನೆ ‘ಕಾಯಿಲೆ ಇದೆ’ ಎನ್ನುತ್ತದೆ. ಒಟ್ಟು ಪಾಸಿಟಿವ್ ಬಂದವರು 68. ನಿಜವಾಗಿ ಕಾಯಿಲೆ ಇರುವವರು 19. ಪಾಸಿಟಿವ್ ಎಂದು ರಾತ್ರಿಯಿಡೀ ನಿದ್ದೆಗೆಟ್ಟವರಲ್ಲಿ ಹತ್ತಕ್ಕೆ ಏಳು ಜನರಿಗೆ ಏನೂ ಆಗಿಲ್ಲ.

ಅದೇ ಪರೀಕ್ಷೆಯನ್ನು ಆಗಲೇ ತೊಂದರೆ ಕಾಣಿಸಿಕೊಂಡವರ ಗುಂಪಿನಲ್ಲಿ ಮಾಡಿ. ಅಲ್ಲಿ ಸಾವಿರಕ್ಕೆ 200 ಜನರಿಗೆ ಕಾಯಿಲೆ ಇದೆ ಎಂದುಕೊಳ್ಳಿ. 190 ಜನ ಸಿಗುತ್ತಾರೆ. ಉಳಿದ 800ರಲ್ಲಿ 40 ಜನರಿಗೆ ತಪ್ಪು ಪಾಸಿಟಿವ್. ಈಗ 230 ಪಾಸಿಟಿವ್‌ಗಳಲ್ಲಿ 190 ನಿಜ. ಶೇ 28ರಿಂದ ಶೇ 83ಕ್ಕೆ ಏರಿತು. ಯಂತ್ರ ಅದೇ, 95 ಎಂಬ ಅಂಕಿಯೂ ಅದೇ. ಬದಲಾದದ್ದು ಮುಂದೆ ಕೂತ ಜನ. ಡಾಕ್ಟರು ಟೆಸ್ಟ್ ಬರೆಯುವ ಮುಂಚೆ ಅಷ್ಟೊಂದು ಪ್ರಶ್ನೆ ಕೇಳುವುದು ಇದಕ್ಕೇ.

ಐದನೆಯದು: ಎಷ್ಟು ಹೊತ್ತು ನೋಡಿದರು?

ಮಾಮೂಲಿ ಇಸಿಜಿ ಹಿಡಿಯುವುದು ಹತ್ತೇ ಸೆಕೆಂಡಿನ ಬಡಿತವನ್ನು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಮಾಮೂಲಿ ಇಇಜಿ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಫಿಟ್ಸ್ ಇರುವ ಎಷ್ಟೋ ಜನರ ಮೊದಲ ಇಇಜಿಯಲ್ಲಿ ಏನೂ ಕಾಣುವುದಿಲ್ಲ, ಆಗ ನಿದ್ದೆಯಲ್ಲಿ ಅಥವಾ ಹೆಚ್ಚು ಹೊತ್ತು ದಾಖಲಿಸಬೇಕಾಗುತ್ತದೆ. ಕಾರಣ ಗೊತ್ತಾಗದ ಪಾರ್ಶ್ವವಾಯು ಆದ 441 ಜನರ ಮೇಲೆ ನಡೆದ ‘ಕ್ರಿಸ್ಟಲ್ ಎಎಫ್’ ಅಧ್ಯಯನ 2014ರಲ್ಲಿ ಬಂತು. ಅರ್ಧದಷ್ಟು ಜನರ ಎದೆಯ ಚರ್ಮದ ಕೆಳಗೆ ಹೃದಯ ಬಡಿತ ದಾಖಲಿಸುವ ಪುಟ್ಟ ರೆಕಾರ್ಡರ್ ಇಟ್ಟರು. ಆರು ತಿಂಗಳಲ್ಲಿ ಅವರಲ್ಲಿ ಶೇ 8.9ರಷ್ಟು ಜನರಿಗೆ ಎಎಫ್ ಪತ್ತೆಯಾಯಿತು. ಮಾಮೂಲಿ ತಪಾಸಣೆಯವರಲ್ಲಿ ಶೇ 1.4. ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಸಿಗುತ್ತದೆ.

ಹೃದಯಾಘಾತದಲ್ಲಿ ರಕ್ತದಲ್ಲಿ ನೋಡುವ ಟ್ರೋಪೊನಿನ್ ಎಂಬ ಪ್ರೋಟೀನ್ ಕೂಡ ಹೀಗೆಯೇ. ಕಿಡ್ನಿ ತೊಂದರೆ ಇರುವವರಲ್ಲಿ ಅದು ಯಾವಾಗಲೂ ಸ್ವಲ್ಪ ಹೆಚ್ಚಾಗಿಯೇ ಇರಬಹುದು. ಅದಕ್ಕೇ ಒಂದು ರಿಪೋರ್ಟ್ ಸಾಲದು, ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದು ಏರಿಳಿತ ನೋಡುತ್ತಾರೆ.

ಆರನೆಯದು: ಕೊನೆಗೆ ಯಾರಿಗೆ ಏನು ಒಳ್ಳೆಯದಾಯಿತು?

ಸುದ್ದಿಯಲ್ಲಿ ಬಹುತೇಕ ಕಾಣೆಯಾಗುವ ಪ್ರಶ್ನೆ ಇದು. ಡೆನ್ಮಾರ್ಕಿನ ‘ಲೂಪ್’ ಅಧ್ಯಯನ (2021) ಇದನ್ನೇ ಕೇಳಿತು. 70ರಿಂದ 90 ವಯಸ್ಸಿನ 6,004 ಜನ. ಎಲ್ಲರಿಗೂ ಬಿಪಿಯೋ ಸಕ್ಕರೆಯೋ, ಪಾರ್ಶ್ವವಾಯುವಿಗೆ ದಾರಿ ಮಾಡಿಕೊಡುವ ಏನಾದರೊಂದು ತೊಂದರೆ ಇತ್ತು. ನಾಲ್ವರಲ್ಲಿ ಒಬ್ಬರಿಗೆ ರೆಕಾರ್ಡರ್ ಇಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ರೆಕಾರ್ಡರ್ ಗುಂಪಿನಲ್ಲಿ ಶೇ 31.8ರಷ್ಟು ಜನರಿಗೆ ಎಎಫ್ ಸಿಕ್ಕಿತು, ಉಳಿದವರಲ್ಲಿ ಶೇ 12.2. ಹೆಪ್ಪು ತಡೆಯುವ ಮಾತ್ರೆ ಶುರುಮಾಡಿದವರೂ ಎರಡು ಪಟ್ಟು ಮೀರಿದರು. ಆದರೆ ಪಾರ್ಶ್ವವಾಯು ಅಥವಾ ದೇಹದ ಬೇರೆಡೆ ಹೆಪ್ಪು ಸಿಕ್ಕಿಕೊಂಡದ್ದು ರೆಕಾರ್ಡರ್ ಗುಂಪಿನಲ್ಲಿ ಶೇ 4.5, ಉಳಿದವರಲ್ಲಿ ಶೇ 5.6. ಈ ಚಿಕ್ಕ ಅಂತರ ಬರೀ ಆಕಸ್ಮಿಕವೂ ಆಗಿರಬಹುದು ಎಂದೇ ಲೆಕ್ಕ ಹೇಳಿತು. ಪತ್ತೆ ಎರಡೂವರೆ ಪಟ್ಟು ಜಾಸ್ತಿಯಾಯಿತು, ಲಾಭ ಖಚಿತವಾಗಲಿಲ್ಲ.

ಇದಕ್ಕಿಂತ ಕಹಿಯಾದ ಪಾಠ ಹಳೆಯದು. ಹೃದಯಾಘಾತ ಆದವರಲ್ಲಿ ಆಗಾಗ ಬರುವ ಹೆಚ್ಚುವರಿ ಬಡಿತಗಳನ್ನು ಅಡಗಿಸಿದರೆ ಸಾವು ಕಡಿಮೆಯಾಗುತ್ತದೆ ಎಂದು ಡಾಕ್ಟರುಗಳು ನಂಬಿದ್ದರು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಅದನ್ನು ಅಡಗಿಸುತ್ತಿದ್ದವು. ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಯಂತ್ರದಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು. ‘ಕಾಸ್ಟ್’ ಅಧ್ಯಯನದಲ್ಲಿ ಮಾತ್ರೆಯಿಂದ ಬಡಿತ ಸರಿಹೋಗುತ್ತದೆ ಎಂದು ಮೊದಲೇ ತೋರಿದವರನ್ನು ಆರಿಸಿಕೊಂಡು, 755 ಜನರಿಗೆ ಮಾತ್ರೆ, 743 ಜನರಿಗೆ ಔಷಧಿಯಿಲ್ಲದ ಖಾಲಿ ಮಾತ್ರೆ ಕೊಟ್ಟರು. ಸರಾಸರಿ ಹತ್ತು ತಿಂಗಳಲ್ಲಿ ಖಾಲಿ ಮಾತ್ರೆಯವರಲ್ಲಿ 26 ಜನ ತೀರಿಕೊಂಡರು. ಔಷಧಿ ನುಂಗಿದವರಲ್ಲಿ 63 ಜನ. 1989ರಲ್ಲಿ ಈ ಎರಡು ಔಷಧಿಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ರಿಪೋರ್ಟ್ ಚೆನ್ನಾಗಿತ್ತು, ಜನ ಉಳಿಯಲಿಲ್ಲ.

ತಪಾಸಣೆಯಲ್ಲಿ ಬೇಡದ್ದೂ ಸಿಗುತ್ತದೆ. ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮಿನಲ್ಲಿ 2,000 ಸಾಮಾನ್ಯ ಜನರಿಗೆ ಮಿದುಳಿನ ಎಂಆರ್‌ಐ ಮಾಡಿ ನೋಡಿದಾಗ ಶೇ 7.2ರಷ್ಟು ಜನರಲ್ಲಿ ಅವರಿಗೇ ಗೊತ್ತಾಗದ ಹಳೆಯ ಪಾರ್ಶ್ವವಾಯುವಿನ ಗುರುತು, ಶೇ 1.8ರಷ್ಟು ಜನರಲ್ಲಿ ಉಬ್ಬಿದ ರಕ್ತನಾಳ ಕಂಡಿತು. ಇಂಥದ್ದು ಕಂಡಮೇಲೆ ಏನು ಮಾಡಬೇಕು ಎಂಬುದು ತಜ್ಞರಿಗೂ ಸುಲಭದ ಪ್ರಶ್ನೆಯಲ್ಲ. ‘ಯಾವುದಕ್ಕೂ ಒಂದು ಸ್ಕ್ಯಾನ್ ಮಾಡಿಸಿಬಿಡೋಣ’ ಎನ್ನುವವರು ಇದನ್ನು ಮೊದಲು ಯೋಚಿಸಲಿ.

ನಿಮ್ಮದೇ ರಿಪೋರ್ಟ್ ಆದರೆ

ವಾಚು ಎಎಫ್ ಎಂದು ಎಚ್ಚರಿಸಿದರೆ ಅದರಲ್ಲಿ ಉಳಿಸಿಕೊಂಡ ಇಸಿಜಿಯನ್ನು ಡಾಕ್ಟರಿಗೆ ತೋರಿಸಿ. ಹೆಪ್ಪು ತಡೆಯುವ ಮಾತ್ರೆಯನ್ನು ನೀವಾಗಿ ಶುರುಮಾಡಬೇಡಿ, ರಕ್ತಸ್ರಾವದ ಅಪಾಯ ಇದೆ. ಹೊಸ ಪರೀಕ್ಷೆ ಬರೆದುಕೊಟ್ಟರೆ, ‘ಪಾಸಿಟಿವ್ ಬಂದರೆ ಏನು ಮಾಡ್ತೀರಿ, ನೆಗೆಟಿವ್ ಬಂದರೆ ಏನು ಮಾಡ್ತೀರಿ?’ ಎಂದು ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆ ಯಾಕೆ ಬೇಕು ಎಂದೂ ಕೇಳಬಹುದು.

ಮೇಲಿನ ಓದು, ಲೆಕ್ಕ ಎಲ್ಲ ಪುರುಸೊತ್ತಿದ್ದಾಗಿನ ಕೆಲಸ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಎದೆ ಹಿಂಡಿದಂತಾದರೆ ವಾಚನ್ನೂ ನೋಡಬೇಡಿ, ಫೋನಿನಲ್ಲಿ ಹುಡುಕುತ್ತಲೂ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹೃದಯಾಘಾತದಲ್ಲಿ ಮೊದಲ ಇಸಿಜಿ ಸರಿಯಾಗಿಯೇ ಕಾಣಬಹುದು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರೋಗಿ ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಜೊತೆಗೆ ಹೋಗುವವರು ನೆನಪಿಟ್ಟುಕೊಳ್ಳಿ. ಡಾಕ್ಟರು ಅದನ್ನು ಕೇಳಿಯೇ ಕೇಳುತ್ತಾರೆ.