ದ್ವಿತೀಯ ಪಿಯು ಇತಿಹಾಸ: ಮೈಸೂರು ಯುದ್ಧಗಳನ್ನು ಓದುವ ಬಗೆ

ಯುದ್ಧ ನಾಲ್ಕೇ, ಆದರೂ ಇಸವಿ ಮತ್ತು ಒಪ್ಪಂದಗಳು ಅದಲುಬದಲಾಗುವುದು ಈ ಪಾಠದಲ್ಲೇ ಹೆಚ್ಚು. ಬರೀ ಇಸವಿ ಉರು ಹೊಡೆದರೆ ಒಂದು ಯುದ್ಧ ಮುಗಿದ ರೀತಿಯಿಂದಲೇ ಮುಂದಿನದು ಹುಟ್ಟಿತೆಂಬ ಎಳೆ ತಪ್ಪಿಹೋಗುತ್ತದೆ.

ನೋಟ್‌ಬುಕ್ಕಿನ ಎದುರುಬದುರಿನ ಎರಡು ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ಇಸವಿ, ತಕ್ಷಣದ ಕಾರಣ, ಒಪ್ಪಂದ, ಯಾರು ಏನು ಕಳೆದುಕೊಂಡರು. ಮೊದಲ ಯುದ್ಧ 1767–69, ಮದ್ರಾಸ್ ಒಪ್ಪಂದ. ಅದರಲ್ಲಿ ಹೈದರನಿಗೆ ನೆರವಿನ ಮಾತು ಕೊಟ್ಟ ಇಂಗ್ಲಿಷರು ಮರಾಠರು ಏರಿಬಂದಾಗ ಸುಮ್ಮನಿದ್ದರು, 1779ರಲ್ಲಿ ಹೈದರನ ರಕ್ಷಣೆಯಲ್ಲಿದ್ದ ಫ್ರೆಂಚರ ಬಂದರು ಮಾಹೆಯನ್ನೂ ಹಿಡಿದರು. ಎರಡನೆಯ ಯುದ್ಧಕ್ಕೆ (1780–84) ಇದೇ ಬೇರು. ಅದು ಮಂಗಳೂರು ಒಪ್ಪಂದದಲ್ಲಿ ಮುಗಿಯಿತು; ಗೆದ್ದ ಜಾಗಗಳನ್ನು ಇಬ್ಬರೂ ಹಿಂದಿರುಗಿಸಿದರು. ಟಿಪ್ಪು ಇಂಗ್ಲಿಷರ ಮಿತ್ರ ರಾಜ್ಯ ತಿರುವಾಂಕೂರಿನ ಮೇಲೆ ದಂಡೆತ್ತಿ ಹೋದದ್ದು ಮೂರನೆಯದಕ್ಕೆ (1790–92) ಕಾರಣ.

ಮೂರನೆಯದರ ಕೊನೆಯ ಕಾಲಂ ತುಂಬ ಮುಖ್ಯ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳಾದರು. ನೆಲದ ಜತೆ ಕಂದಾಯವೂ ಹೋದ ಮೇಲೆ ಸೈನ್ಯ ಸಾಕುವುದು ಹೇಗೆ? ನಾಲ್ಕನೆಯ ಯುದ್ಧದ (1799) ಉತ್ತರವನ್ನು ಈ ಮಾತಿನಿಂದಲೇ ಶುರುಮಾಡಿ, ಆಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಮತ್ತು ಫ್ರೆಂಚರ ಸಂಬಂಧಕ್ಕೆ ಬನ್ನಿ.

ಟಿಪ್ಪು 1799ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದನೆಂದು ಬರೆದು ಅಂಕ ಕಳೆದುಕೊಳ್ಳುವವರಿದ್ದಾರೆ. ಒಪ್ಪಂದವೂ ಸಾವೂ ಒಂದೇ ಊರಿನಲ್ಲಿ ನಡೆದದ್ದರಿಂದ ಈ ಗೊಂದಲ. ಆತ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲೇ ಹೋರಾಡುತ್ತ ಮಡಿದ.

ಮೈಸೂರು, ಮಂಡ್ಯದ ಮಕ್ಕಳಿಗೆ ಆ ಕೋಟೆ ಒಂದು ಬಸ್ಸಿನ ದಾರಿ. ಬೇಸಿಗೆಯಲ್ಲೇ ಹೋಗಿ, ಗೋಡೆ ಒಡೆದ ಪಶ್ಚಿಮದ ಕಡೆ ನಿಂತು ಹೊಳೆ ನೋಡಿ. ಕೆಆರ್‌ಎಸ್ ಅಣೆಕಟ್ಟು ಆಗ ಇರಲಿಲ್ಲ. ಮೇ ತಿಂಗಳಲ್ಲಿ ನೀರು ತಗ್ಗಿ ಬಂಡೆ ಕಾಣುವಾಗ ದಾಟಬಹುದಿತ್ತು, ಮುಂಗಾರು ಹಿಡಿದರೆ ಆಗುತ್ತಿರಲಿಲ್ಲ. ಇಂಗ್ಲಿಷರ ಅವಸರಕ್ಕೆ ಅದೇ ಕಾರಣ. ಕಂಡವರಿಗೆ ಆ ತಾರೀಕು ಮರೆಯುವುದಿಲ್ಲ.

ನಕ್ಷೆಯ ಪ್ರಶ್ನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬೆಂಗಳೂರಿನ ನೈಋತ್ಯಕ್ಕೆ, ಮೈಸೂರಿಗೆ ಅಂಟಿದಂತೆ ಸಣ್ಣ ಚುಕ್ಕೆ ಇಟ್ಟು ಹೆಸರು ಬರೆಯಿರಿ. ದೊಡ್ಡ ಗುಂಡು ಸುತ್ತಿದರೆ ಎರಡೂ ಊರು ಒಳಗೆ ಬಂದುಬಿಡುತ್ತವೆ. ವಿವರಣೆಗೆ ಎರಡು ವಾಕ್ಯ ಸಾಕು: ಕಾವೇರಿಯ ದ್ವೀಪ, ಹೈದರ್–ಟಿಪ್ಪು ಕಾಲದ ರಾಜಧಾನಿ, 1799ರಲ್ಲಿ ಟಿಪ್ಪು ಮಡಿದ ಜಾಗ.

ಮೂರು ದಿನ ಬಿಟ್ಟು, ಪುಸ್ತಕ ಮುಚ್ಚಿ ಕೊನೆಯ ಕಾಲಂ ಒಂದನ್ನೇ ಮತ್ತೆ ತುಂಬಿ ನೋಡಿ. ಖಾಲಿ ಉಳಿದ ಸಾಲನ್ನು ಮಾತ್ರ ಇನ್ನೊಮ್ಮೆ ಓದಿ.