ದೊರೆಗೆ ಕೊಡುವ ‘ಸಲಹೆ’: ಬ್ರಿಟನ್ನಿನಲ್ಲಿ ಸರ್ಕಾರ ಬದಲಾಗುವುದು ಹೇಗೆ?

ಸಲಹೆಯನ್ನು ಕೇಳಬಹುದು, ಬಿಡಬಹುದು. ಬ್ರಿಟನ್ನಿನ ದೊರೆಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಪ್ರಧಾನಿ ‘ಸಲಹೆ’ ಕೊಟ್ಟರೆಂದರೆ ಅದರಂತೆ ನಡೆಯಲೇಬೇಕು. ನಮ್ಮ ರಾಷ್ಟ್ರಪತಿಗೂ ಇದೇ ಕಟ್ಟುಪಾಡು ಉಂಟು. ಆದರೆ ನಾವು ಅದನ್ನು 1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನದ 74ನೇ ವಿಧಿಯಲ್ಲಿ ಬರೆದಿಟ್ಟುಕೊಂಡೆವು. ಅವರು ಇನ್ನೂ ರೂಢಿಗೆ ಬಿಟ್ಟಿದ್ದಾರೆ.

ಬ್ರಿಟನ್ನಿಗೆ ಲಿಖಿತ ಸಂವಿಧಾನವಿಲ್ಲ ಎನ್ನುವುದು ಅರ್ಧ ಸತ್ಯ. ಬರೆದದ್ದು ಬೇಕಾದಷ್ಟಿದೆ: 1215ರ ಮ್ಯಾಗ್ನಾ ಕಾರ್ಟಾ, 1689ರ ಹಕ್ಕುಗಳ ಮಸೂದೆ, ಪಟ್ಟ ಯಾರಿಗೆಂದು ಹೇಳುವ 1701ರ ಕಾಯ್ದೆ, ಮೇಲ್ಮನೆಯ ಕೈ ಕಟ್ಟಿದ 1911ರ ಕಾಯ್ದೆ. ಎಲ್ಲವನ್ನೂ ಸೇರಿಸಿ ಒಂದು ಪುಸ್ತಕ ಮಾಡಿಲ್ಲ, ಅಷ್ಟೆ. ಉಳಿದದ್ದು ನ್ಯಾಯಾಲಯದ ತೀರ್ಪುಗಳು ಮತ್ತು ರೂಢಿ. ಇವೆಲ್ಲ ಕೂಡಿ ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿಯಲು 2024ರ ಚುನಾವಣೆಯ ಬೆನ್ನು ಹಿಡಿಯೋಣ.

ಮೊದಲ ಹೆಜ್ಜೆ ಸಂಸತ್ತಿನ ವಿಸರ್ಜನೆ. ಮೇ 22ರಂದು ಪ್ರಧಾನಿ ರಿಷಿ ಸುನಕ್ (ನಮ್ಮ ಪಾಲಿಗೆ ‘ಕರ್ನಾಟಕದ ಅಳಿಯ’) ಮಳೆಯಲ್ಲಿ ನೆನೆಯುತ್ತ, ಜುಲೈ 4ಕ್ಕೆ ಮತದಾನವೆಂದು ಘೋಷಿಸಿದರು. ಅಷ್ಟರಲ್ಲಿ ದೊರೆ ಮೂರನೇ ಚಾರ್ಲ್ಸ್ ವಿಸರ್ಜನೆಗೆ ಒಪ್ಪಿಯಾಗಿತ್ತು. 2011ರ ಕಾಯ್ದೆಯೊಂದು ಈ ಅಧಿಕಾರವನ್ನು ಅರಮನೆಯಿಂದ ಕಿತ್ತುಕೊಂಡಿತ್ತು; 2022ರ ಇನ್ನೊಂದು ಕಾಯ್ದೆ ಹಿಂದಕ್ಕೆ ಕೊಟ್ಟಿತು. ಎರಡಕ್ಕೂ ಸರಳ ಬಹುಮತವೇ ಸಾಕಾಯಿತು. ಸಂವಿಧಾನ ಇಷ್ಟು ಸಲೀಸಾಗಿ ಬದಲಾಗುವುದನ್ನು ಕಂಡರೆ ನನಗಂತೂ ಸ್ವಲ್ಪ ದಿಗಿಲಾಗುತ್ತದೆ.

ಮತದಾರರು ಆರಿಸುವುದು ತಮ್ಮ ಕ್ಷೇತ್ರದ ಸಂಸದರನ್ನು ಮಾತ್ರ. ಕೆಳಮನೆಯ 650 ಸ್ಥಾನಗಳಲ್ಲಿ ಲೇಬರ್ ಪಕ್ಷ 411 ಗೆದ್ದಿತು.

ಮುಂದಿನದು ಅರಮನೆಯ ಹೆಜ್ಜೆ. ಪ್ರಧಾನಿ ಎಂಬ ಹುದ್ದೆಯನ್ನು ಸೃಷ್ಟಿಸಿದ ಕಾಯ್ದೆಯೇ ಇಲ್ಲ, ನೇಮಕಕ್ಕೆ ವಿಧಿಯೂ ಇಲ್ಲ. ಜುಲೈ 5ರಂದು ಮೊದಲು ಸುನಕ್ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ರಾಜೀನಾಮೆ ಕೊಟ್ಟರು. ಬಳಿಕ ಲೇಬರ್ ಪಕ್ಷದ ನಾಯಕ ಕೀರ್ ಸ್ಟಾರ್ಮರ್ ಅವರಿಗೆ ಕರೆ ಹೋಯಿತು. ನಡುವಿನ ಆ ಸ್ವಲ್ಪ ಹೊತ್ತು ದೇಶಕ್ಕೆ ಪ್ರಧಾನಿಯೇ ಇರಲಿಲ್ಲ! ಹೊಸಬರು ದೊರೆಯ ಕೈಗೆ ಮುತ್ತಿಟ್ಟರು ಎಂದು ದಾಖಲೆಯಲ್ಲಿ ಬರೆಯುತ್ತಾರೆ. ನಿಜಕ್ಕೂ ಮುತ್ತೇನೂ ಇಲ್ಲ, ಕೈಕುಲುಕುತ್ತಾರೆ. ಇಲ್ಲಿ ಮಾತ್ರ ದೊರೆ ಯಾರ ಸಲಹೆಗೂ ಕಟ್ಟುಬಿದ್ದವರಲ್ಲ, ಆದರೂ ಕೆಳಮನೆಯ ವಿಶ್ವಾಸ ಯಾರಿಗಿದೆಯೋ ಅವರನ್ನೇ ಕರೆಯಬೇಕು. 2010ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಪಕ್ಷಗಳು ಐದು ದಿನ ಮಾತುಕತೆ ನಡೆಸಿದವು; ಅಷ್ಟೂ ದಿನ ಆಗಿನ ಪ್ರಧಾನಿ ಗಾರ್ಡನ್ ಬ್ರೌನ್ ಹುದ್ದೆಯಲ್ಲೇ ಉಳಿದರು. ಲೆಕ್ಕ ಹಾಕುವುದು ರಾಜಕಾರಣಿಗಳ ಕೆಲಸ, ಅರಮನೆಯದಲ್ಲ.

ನಂತರ ಅಧಿವೇಶನ. ಜುಲೈ 17ರಂದು ಕಿರೀಟ ತೊಟ್ಟ ದೊರೆ ‘ನನ್ನ ಸರ್ಕಾರ’ ಎನ್ನುತ್ತ, ಮಂತ್ರಿಗಳು ಬರೆದುಕೊಟ್ಟದ್ದನ್ನು ಓದಿದರು. ನಮ್ಮ ರಾಜ್ಯಪಾಲರ ಭಾಷಣದ ಹಿರಿಯಣ್ಣ ಇದು. ಮಸೂದೆ ಕಾಯ್ದೆಯಾಗಲು ದೊರೆಯ ಅಂಕಿತವೂ ಬೇಕು. ಅದನ್ನು ಕೊನೆಯ ಬಾರಿ ನಿರಾಕರಿಸಿದವರು ರಾಣಿ ಆ್ಯನ್, 1708ರಲ್ಲಿ. ಅದೂ ಮಂತ್ರಿಗಳ ಸಲಹೆಯ ಮೇರೆಗೇ. ಈಗ ನಿರಾಕರಿಸಿದರೆ ಮುಳುಗುವುದು ಸಿಂಹಾಸನ.

ಹಾಗಾದರೆ ಸಲಹೆಯೇ ತಪ್ಪಾಗಿದ್ದರೆ? 2019ರಲ್ಲಿ ಆದದ್ದು ಅದೇ. ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವ) ಬಿಸಿಯ ನಡುವೆ ಪ್ರಧಾನಿ ಬೋರಿಸ್ ಜಾನ್ಸನ್, ಸಂಸತ್ತಿನ ಕಲಾಪವನ್ನು ಐದು ವಾರ ಮುಚ್ಚುವಂತೆ ರಾಣಿ ಎರಡನೇ ಎಲಿಜಬೆತ್ ಅವರಿಗೆ ಸಲಹೆ ಕೊಟ್ಟರು. ರೂಢಿಯಂತೆ ರಾಣಿ ಒಪ್ಪಿದರು. ಒಪ್ಪದೆ ದಾರಿಯೂ ಇರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸೆಪ್ಟೆಂಬರ್ 24ರಂದು 11 ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು: ಸಕಾರಣವಿಲ್ಲದೆ ಸಂಸತ್ತಿನ ಕೆಲಸಕ್ಕೆ ಅಡ್ಡಿಪಡಿಸುವ ಈ ಸಲಹೆ ಕಾನೂನುಬಾಹಿರ, ಅದರ ಮೇಲೆ ಹೊರಟ ಆದೇಶ ಬರಿ ಖಾಲಿ ಹಾಳೆಗೆ ಸಮ. ರಾಣಿಯ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಮರುದಿನ ಸಂಸದರು ಕಲಾಪ ನಿಂತೇ ಇಲ್ಲವೆಂಬಂತೆ ಬಂದು ತಮ್ಮ ಜಾಗಗಳಲ್ಲಿ ಕುಳಿತರು.